ಕೋಚ್ ಹೋದ ಮೇಲೆ: ಪಾಲ್ ಬ್ರೌನ್ ಕಥೆ

ಪ್ರತಿ ವರ್ಷ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಮ್ಮ ಕ್ಯಾಂಪಸ್ಸಿನ ಎಲ್ಲಾ ಕ್ಲಬ್‌ಗಳಲ್ಲೂ ಒಂದೇ ಪೇಚಾಟ. ಫೈನಲ್ ಇಯರ್‌ನವರು ಗಂಟುಮೂಟೆ ಕಟ್ಟುತ್ತಾರೆ. ಡ್ರೈವ್‌ನ ಪಾಸ್‌ವರ್ಡ್ ಯಾರ ಹತ್ತಿರ ಇದೆ, ಕಳೆದ ಸಲ ಸ್ಪಾನ್ಸರ್ ಹತ್ತಿರ ಮಾತಾಡಿದ್ದು ಯಾರು ಅಂತ ಜೂನಿಯರ್ಸ್ ಒಬ್ಬರ ಮುಖ ಒಬ್ಬರು ನೋಡ್ತಾರೆ. ನಡೆಸುವವರು ಬದಲಾದ ಮೇಲೆ ತಂಡ ಏನಾಗುತ್ತದೆ ಎಂಬ ಈ ಪ್ರಶ್ನೆಯನ್ನು ಬದುಕಿಡೀ ಎದುರಿಸಿದ ಒಬ್ಬ ಮನುಷ್ಯನಿದ್ದ. ಹೆಸರು ಪಾಲ್ ಬ್ರೌನ್. ಅಮೆರಿಕದ ಫುಟ್‌ಬಾಲ್ ಕೋಚ್.

ಇದು ನಾವು ಆಡೋ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಒಂದೊಂದು ನಡೆಗೂ ಮೊದಲೇ ಹಾಕಿಟ್ಟ ಯೋಜನೆ. ಅಲ್ಲಿ ಹೈಸ್ಕೂಲ್ ತಂಡದ ಪಂದ್ಯ ಅಂದರೆ ಎಷ್ಟೋ ಸಣ್ಣ ಊರುಗಳಿಗೆ ಜಾತ್ರೆ ಇದ್ದ ಹಾಗೆ. ಗೆದ್ದರೆ ಕೋಚ್ ಊರಿನ ಮಗ, ಸೋತರೆ ಮನೆಗೆ ದಾರಿ.

ಪಾಲ್ ಹುಟ್ಟಿದ್ದು 1908ರಲ್ಲಿ, ಓಹಾಯೋ ರಾಜ್ಯದ ನಾರ್ವಾಕ್‌ನಲ್ಲಿ. ಅಪ್ಪ ರೈಲ್ವೆ ನೌಕರ. ಹುಡುಗನಿಗೆ ಒಂಬತ್ತು ವರ್ಷವಾದಾಗ ಸಂಸಾರ ಮ್ಯಾಸಿಲನ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿಗೆ ಬಂತು. ಅಲ್ಲಿನ ವಾಷಿಂಗ್ಟನ್ ಹೈಸ್ಕೂಲ್ ತಂಡಕ್ಕೆ ಈ ಸಣಕಲು ಹುಡುಗನೇ ಕ್ವಾರ್ಟರ್‌ಬ್ಯಾಕ್ ಆದ. ಡಿಗ್ರಿ ಮುಗಿಸಿ ಮೇರಿಲ್ಯಾಂಡ್‌ನ ಒಂದು ಶಾಲೆಯಲ್ಲಿ ಎರಡು ವರ್ಷ ಪಾಠ ಹೇಳಿ, ಕೋಚಿಂಗ್ ಮಾಡಿದ. 1932ರಲ್ಲಿ ತಾನು ಓದಿದ ಹೈಸ್ಕೂಲಿಗೇ ಹೆಡ್ ಕೋಚ್ ಆಗಿ ವಾಪಸ್ ಬಂದ. ಆಗ ವಯಸ್ಸು 23, ಅಂದರೆ ನಮ್ಮ ಸೂಪರ್ ಸೀನಿಯರ್ ವಯಸ್ಸು!

ಆರ್ಥಿಕ ಕುಸಿತದ ಕಾಲ ಅದು. ಊರಿನಲ್ಲಿ ಕೆಲಸ ಇಲ್ಲ, ಶಾಲೆಯಲ್ಲಿ ದುಡ್ಡಿಲ್ಲ. ತಂಡ ಹಿಂದಿನ ಸೀಸನ್‌ನಲ್ಲಿ ಗೆದ್ದಿದ್ದು ಎರಡೇ ಪಂದ್ಯ. ಪಾಲ್ ಬಂದ ಮೊದಲ ವರ್ಷವೂ ಪವಾಡವೇನೂ ಆಗಲಿಲ್ಲ: ಐದು ಗೆಲುವು, ನಾಲ್ಕು ಸೋಲು, ಒಂದು ಡ್ರಾ. ಮೂರು ವರ್ಷ ಆದರೂ ಪಕ್ಕದ ಊರಾದ ಕ್ಯಾಂಟನ್‌ನ ಮೆಕಿನ್ಲೆ ಹೈಸ್ಕೂಲನ್ನು ಸೋಲಿಸೋಕೆ ಆಗಿರಲಿಲ್ಲ. ಆ ಊರಿನಲ್ಲಿ ಇದೊಂದೇ ಸಾಕಿತ್ತು ಕೋಚ್‌ನನ್ನು ಬದಲಾಯಿಸೋಕೆ. ಆದರೆ ಅವರು ಕಾದರು.

ಆ ಮೂರು ವರ್ಷದಲ್ಲಿ ಪಾಲ್ ಮಾಡ್ತಿದ್ದ ಕೆಲಸ ಸ್ಕೋರ್‌ಬೋರ್ಡ್‌ನಲ್ಲಿ ಕಾಣುವಂಥದ್ದಲ್ಲ. ಹೈಸ್ಕೂಲಿಗೆ ಹುಡುಗರನ್ನು ಕಳಿಸುತ್ತಿದ್ದ ಊರಿನ ಜೂನಿಯರ್ ಹೈಸ್ಕೂಲ್‌ಗಳಲ್ಲೂ ತನ್ನದೇ ಪದ್ಧತಿ ಕಲಿಸುವ ವ್ಯವಸ್ಥೆ ಮಾಡಿದ. ಅದೇ ಆಟದ ಯೋಜನೆಗಳು, ಅದೇ ಪರಿಭಾಷೆ. ಹುಡುಗ ಹೈಸ್ಕೂಲ್ ತಂಡಕ್ಕೆ ಬರುವಷ್ಟರಲ್ಲಿ ಅರ್ಧ ಪಾಠ ಆಗಿಹೋಗಿರುತ್ತಿತ್ತು. ಅಭ್ಯಾಸ ಅಂದರೆ ಮೈದಾನದಲ್ಲಿ ಬೆವರು ಹರಿಸೋದು ಮಾತ್ರವಲ್ಲ. ಕ್ಲಾಸ್‌ರೂಮಿನಲ್ಲಿ ಕೂತು ನೋಟ್ಸ್ ಬರೆಯಬೇಕು. ಪ್ರತಿ ನಿಮಿಷಕ್ಕೂ ಟೈಮ್‌ಟೇಬಲ್. ಸಹಾಯಕ ಕೋಚ್‌ಗಳಿಗೆ ಒಬ್ಬೊಬ್ಬರಿಗೂ ಇಂತಿಂಥ ಹೊಣೆ ಅಂತ ಹಂಚಿಕೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಈ ಮನುಷ್ಯ ಕೋಡ್‌ಗೆ ಸರಿಯಾಗಿ ಡಾಕ್ಯುಮೆಂಟೇಶನ್ ಬರೆದಿಟ್ಟ.

ಫಲ ಬಂತು. 1935ರಲ್ಲಿ ಹತ್ತಕ್ಕೆ ಹತ್ತು ಗೆಲುವು. ಮೆಕಿನ್ಲೆ ತಂಡವೂ 6-0ಯಿಂದ ಸೋತಿತು. ಅಲ್ಲಿಂದ 1940ರವರೆಗೆ ಆರು ಸೀಸನ್‌ಗಳಲ್ಲಿ ಸೋತಿದ್ದು ಒಂದೇ ಒಂದು ಪಂದ್ಯ. ಒಟ್ಟು ಒಂಬತ್ತು ವರ್ಷದ ಲೆಕ್ಕ: 80 ಗೆಲುವು, 8 ಸೋಲು, 2 ಡ್ರಾ. 1939ರಲ್ಲಿ ಹೊಸ ಸ್ಟೇಡಿಯಂ ಎದ್ದಿತು. ಊರಿನ ಜನಸಂಖ್ಯೆ ಸುಮಾರು 26 ಸಾವಿರ. ಸ್ಟೇಡಿಯಂನಲ್ಲಿ ಕೂರಬಹುದಾದವರು ಹತ್ತಿರ ಹತ್ತಿರ 20 ಸಾವಿರ!

1941ರಲ್ಲಿ ಪಾಲ್ ಓಹಾಯೋ ಸ್ಟೇಟ್ ಯೂನಿವರ್ಸಿಟಿಗೆ ಹೋದ. ಇನ್ನು ಮ್ಯಾಸಿಲನ್ ಕಥೆ ಮುಗೀತು ಅಂದುಕೊಳ್ತೀವಿ ಅಲ್ವಾ? ಹೊಸ ಕೋಚ್ ಕೈಯಲ್ಲಿ ಆ ವರ್ಷ ತಂಡ ಒಂದೂ ಪಂದ್ಯ ಸೋಲಲಿಲ್ಲ. ಮುಂದೆ ಎರಡು ಮೂರು ವರ್ಷಕ್ಕೊಬ್ಬರಂತೆ ಕೋಚ್‌ಗಳು ಬದಲಾಗುತ್ತಲೇ ಹೋದರು. 1948ರಿಂದ ಆರು ವರ್ಷ ಇದ್ದ ಚಕ್ ಮೇದರ್ 57 ಪಂದ್ಯ ಗೆದ್ದು ಮೂರು ಸೋತು, ಕಾನ್ಸಸ್ ಯೂನಿವರ್ಸಿಟಿಗೆ ಹೋದರು. ಅರ್ಲ್ ಬ್ರೂಸ್ 1964 ಮತ್ತು 65ರಲ್ಲಿ ಆಡಿಸಿದ ಇಪ್ಪತ್ತೂ ಪಂದ್ಯ ಗೆದ್ದು ಹೊರಟರು. ಗೆದ್ದವರನ್ನು ದೊಡ್ಡ ಕಾಲೇಜುಗಳು ಕರೆದುಕೊಂಡವು. ಆದರೂ ಊರಿನ ತಂಡ ನಿಂತಿತು.

ಇದು ಒಂದು ಸಲದ ಅದೃಷ್ಟ ಅಲ್ಲ. ಓಹಾಯೋ ಸ್ಟೇಟ್ ತಂಡವನ್ನು 1942ರಲ್ಲಿ ಪಾಲ್ ರಾಷ್ಟ್ರೀಯ ಚಾಂಪಿಯನ್ ಮಾಡಿದ. 1944ರಲ್ಲಿ ಯುದ್ಧದ ಕಾರಣಕ್ಕೆ ನೌಕಾಪಡೆಗೆ ಹೋದಾಗ ಸಹಾಯಕ ಕ್ಯಾರಲ್ ವಿಡೋಸ್ ಚುಕ್ಕಾಣಿ ಹಿಡಿದರು. ಮ್ಯಾಸಿಲನ್ ಕಾಲದಿಂದಲೂ ಪಾಲ್ ಜೊತೆಗಿದ್ದವರು. ಆ ವರ್ಷ ಒಂಬತ್ತಕ್ಕೆ ಒಂಬತ್ತೂ ಗೆಲುವು.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಕ್ಲೀವ್‌ಲ್ಯಾಂಡ್‌ನಲ್ಲಿ ಹೊಸ ವೃತ್ತಿಪರ ತಂಡ. ಅದಕ್ಕೆ ಅವನದೇ ಹೆಸರು: ಬ್ರೌನ್ಸ್. ವೃತ್ತಿಪರ ಫುಟ್‌ಬಾಲ್‌ನಲ್ಲಿ ಕಪ್ಪು ಆಟಗಾರರನ್ನು ಹೊರಗಿಟ್ಟಿದ್ದ ಕಾಲದಲ್ಲಿ ಬಿಲ್ ವಿಲ್ಲಿಸ್, ಮೇರಿಯನ್ ಮಾಟ್ಲಿ ಇಬ್ಬರನ್ನೂ ಸೇರಿಸಿಕೊಂಡ. ಮಾಟ್ಲಿ ಯಾವ ಹೈಸ್ಕೂಲಿನವರು ಗೊತ್ತಾ? ಅದೇ ಹಳೇ ಎದುರಾಳಿ, ಕ್ಯಾಂಟನ್ ಮೆಕಿನ್ಲೆ. ಹತ್ತು ವರ್ಷದಲ್ಲಿ ಏಳು ಚಾಂಪಿಯನ್‌ಶಿಪ್ ಬಂದವು. 1956ರಲ್ಲಿ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ಟಿನೊಳಗೆ ರೇಡಿಯೋ ರಿಸೀವರ್ ಇಟ್ಟು ಸೂಚನೆ ಕೊಡೋಕೆ ಹೋದ. ಲೀಗ್ ಬೇಗನೆ ಅದನ್ನು ನಿಷೇಧಿಸಿತು. 1994ರಲ್ಲಿ ಅದೇ ಲೀಗ್ ಹೆಲ್ಮೆಟ್ ರೇಡಿಯೋಗೆ ಒಪ್ಪಿಗೆ ಕೊಟ್ಟಿತು.

ಇಷ್ಟೆಲ್ಲಾ ಕಟ್ಟಿದವನಿಗೂ ಒಂದು ದಿನ ಬಾಗಿಲು ತೋರಿಸಿದರು. 1961ರಲ್ಲಿ ತಂಡವನ್ನು ಕೊಂಡ ಆರ್ಟ್ ಮೊಡೆಲ್, 1963ರ ಜನವರಿಯಲ್ಲಿ ಪಾಲ್‌ನನ್ನು ತೆಗೆದುಹಾಕಿದ. ತಂಡಕ್ಕೆ ಅವನ ಹೆಸರು ಹಾಗೇ ಉಳಿಯಿತು. ಅವನು ಮಾತ್ರ ಹೊರಗೆ. ಪಾಲ್‌ದೂ ತಪ್ಪಿತ್ತು ಅನ್ನಿ. ಪ್ರತಿ ನಡೆಯನ್ನೂ ತಾನೇ ಹೇಳಬೇಕು ಎಂಬ ಹಟಕ್ಕೆ ಆಟಗಾರರು ಬೇಸತ್ತಿದ್ದರು. ಅವನ ಜಾಗಕ್ಕೆ ಬಂದವರು ಬ್ಲ್ಯಾಂಟನ್ ಕಾಲಿಯರ್, ಅವನದೇ ಸಹಾಯಕ. 1964ರಲ್ಲಿ ಆ ತಂಡ ಚಾಂಪಿಯನ್ ಆಯಿತು.

ನಾನಿಲ್ಲದೆಯೂ ನಡೆಯಲಿ ಅಂತ ಕಟ್ಟಿದ್ದು ನಾನಿಲ್ಲದೆಯೇ ನಡೆದಾಗ ಖುಷಿಪಡಬೇಕಾ, ಸಂಕಟಪಡಬೇಕಾ? ಪಾಲ್‌ಗೆ ಆ ಗಾಯ ಮಾಯಲಿಲ್ಲ. ಐದು ಸೀಸನ್ ಸುಮ್ಮನಿದ್ದು, 1968ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ತಂಡ ಕಟ್ಟಿದ. 1975ರ ಸೀಸನ್ ಆದ ಮೇಲೆ ತಾನಾಗಿಯೇ ಕೋಚ್ ಸ್ಥಾನ ಬಿಟ್ಟ. ಆದರೆ ಉತ್ತರಾಧಿಕಾರಿಯನ್ನು ಆರಿಸುವಾಗ ಎಡವಿದ. ಎಂಟು ವರ್ಷ ಜೊತೆಗಿದ್ದ ಬಿಲ್ ವಾಲ್ಷ್‌ರನ್ನು ಬಿಟ್ಟು ಬಿಲ್ ಜಾನ್ಸನ್‌ಗೆ ಪಟ್ಟ ಕಟ್ಟಿದ. ನೊಂದು ಹೋದ ವಾಲ್ಷ್ ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ಕೋಚ್ ಆಗಿ, ಸೂಪರ್ ಬೌಲ್ ಫೈನಲ್‌ನಲ್ಲಿ ಇದೇ ಬೆಂಗಾಲ್ಸನ್ನು ಎರಡು ಸಲ ಸೋಲಿಸಿದರು. ಜೀವನವಿಡೀ ತಂಡ ಕಟ್ಟಿದವನಿಗೂ ಕೈ ಬದಲಾಯಿಸುವ ಪಾಠ ಪೂರ್ತಿ ಬಂದಿರಲಿಲ್ಲ.

1991ರ ಆಗಸ್ಟ್ 5ರಂದು, 82ನೇ ವಯಸ್ಸಿನಲ್ಲಿ ಪಾಲ್ ತೀರಿಕೊಂಡ. ಮ್ಯಾಸಿಲನ್‌ನ ಹೈಸ್ಕೂಲ್ ಸ್ಟೇಡಿಯಂಗೆ ಅವನ ಹೆಸರಿದೆ. ಅಲ್ಲಿ ಗಂಡು ಮಗು ಹುಟ್ಟಿದರೆ ಆಸ್ಪತ್ರೆಯಲ್ಲೇ ಪುಟ್ಟ ಫುಟ್‌ಬಾಲ್ ಕೊಡುವ ಪದ್ಧತಿ ಬೆಳೆದು ಬಂದಿತ್ತು. ಆ ಮಗು ಹೈಸ್ಕೂಲ್ ಸೇರೋ ಹೊತ್ತಿಗೆ ಕೋಚ್ ಯಾರಿರ್ತಾರೋ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಫೈನಲ್ ಇಯರ್ ಗೆಳೆಯರೇ, ಹೋಗೋ ಮುಂಚೆ ಆ ಡ್ರೈವ್‌ನ ಪಾಸ್‌ವರ್ಡ್ ಒಂಚೂರು ಬರೆದಿಟ್ಟು ಹೋಗಿ. ಮುಂದಿನ ವರ್ಷ ನಮ್ಮ ಕಾರ್ಯಕ್ರಮ ನಿಮ್ಮದಕ್ಕಿಂತ ಚೆನ್ನಾಗಿ ಆದ್ರೆ, ದಯವಿಟ್ಟು ಬೇಜಾರು ಮಾಡ್ಕೋಬೇಡಿ.