ಎರಡೇ ಪ್ಲೇಟು ಉಳಿದಿದ್ದಾಗ: ಆನ್ಸೆಲ್ ಆಡಮ್ಸ್ ಹತ್ತಿದ ಬೆಟ್ಟ

ಟ್ರೆಕ್ಕಿಂಗ್ ಹೋದರೆ ಒಂದು ತಿರುವಿನಲ್ಲೇ ಮೂವತ್ತು ಫೋಟೊ ಹೊಡೆದು, ಮನೆಗೆ ಬಂದು ಇಪ್ಪತ್ತೊಂಬತ್ತನ್ನು ಡಿಲೀಟ್ ಮಾಡೋರು ನಾವು. 1927ರ ಏಪ್ರಿಲ್ 10ರಂದು ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಿಂದ ಹೊರಟ ಆನ್ಸೆಲ್ ಆಡಮ್ಸ್ ಹತ್ತಿರ ಇದ್ದದ್ದು ಹನ್ನೆರಡು ಗಾಜಿನ ಪ್ಲೇಟು. ಇಡೀ ದಿನಕ್ಕೆ ಅಷ್ಟೇ.

ಅವನಿಗೆ ಆಗ 25 ವರ್ಷ. ಮರದ ದೊಡ್ಡ ಕ್ಯಾಮೆರಾ, ಲೆನ್ಸು, ಫಿಲ್ಟರು, ಟ್ರೈಪಾಡು, ಪ್ಲೇಟು ಎಲ್ಲ ಸೇರಿ ಬೆನ್ನ ಮೇಲೆ ಸುಮಾರು 18 ಕೆಜಿ ಭಾರ. ಜೊತೆಗೆ ಮುಂದೆ ಅವನನ್ನು ಮದುವೆಯಾಗಲಿದ್ದ ವರ್ಜೀನಿಯಾ, ಪಿಟೀಲು ನುಡಿಸುವ ಗೆಳೆಯ ಸೆಡ್ರಿಕ್ ರೈಟ್, ಮತ್ತಿಬ್ಬರು. ಹಾಫ್ ಡೋಮ್ ಅನ್ನೋ ಬೃಹತ್ ಬಂಡೆಯ ಎದುರಿಗೆ, ಪ್ರಪಾತದ ಮೇಲೆ ಚಾಚಿಕೊಂಡಿರುವ ಡೈವಿಂಗ್ ಬೋರ್ಡ್ ಎಂಬ ಕಲ್ಲಿನ ಅಂಚಿಗೆ ಹೋಗಬೇಕಿತ್ತು. ನೇರ ದಾರಿ ಇರಲಿಲ್ಲ. ಕಡಿದಾದ ಕೊರಕಲಿನಲ್ಲಿ, ಇನ್ನೂ ಕರಗದ ಹಿಮ ತುಳಿಯುತ್ತಾ ಮೂರು ಸಾವಿರ ಅಡಿಗೂ ಹೆಚ್ಚು ಏರಬೇಕು. ದಾರಿಯುದ್ದಕ್ಕೂ ಆಡಮ್ಸ್ ಫೋಟೊ ತೆಗೆಯುತ್ತಲೇ ಹೋದ. ಕೆಲವು ಕೆಟ್ಟವು. ಮಧ್ಯಾಹ್ನದ ಹೊತ್ತಿಗೆ ಮೇಲೆ ತಲುಪಿದಾಗ ಬಂಡೆಯ ಮುಖ ಪೂರ್ತಿ ನೆರಳಲ್ಲಿತ್ತು. ಬಿಸಿಲು ತಿರುಗುವವರೆಗೆ ಕಾದು ಕೂರೋದೇ ಕೆಲಸ. ಕೈಯಲ್ಲಿ ಉಳಿದಿದ್ದದ್ದು ಎರಡು ಪ್ಲೇಟು.

ಮೊದಲನೆಯದಕ್ಕೆ ಆ ಕಾಲದ ರೂಢಿಯಂತೆ ಹಳದಿ ಫಿಲ್ಟರ್ ಹಾಕಿದ. ಶಟರ್ ಮುಚ್ಚಿದ ಮೇಲೆ ಅವನಿಗೆ ಅನ್ನಿಸಿತು, ಈ ಚಿತ್ರ ಸರಿಯಾಗೇ ಬರುತ್ತೆ, ಆದರೆ ತನಗೆ ಕಂಡಿದ್ದು ಇದಲ್ಲ. ಆಕಾಶ ಬೂದು ಬಣ್ಣದಲ್ಲಿ ಸಪ್ಪೆಯಾಗಿ ಬರುತ್ತೆ, ಬಂಡೆಯ ಆ ಭಯ ಹುಟ್ಟಿಸುವ ಭಾರ ಸಿಗೋದಿಲ್ಲ. ಕೊನೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿ 5 ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟ.

ಎಂಜಿನಿಯರಿಂಗ್ ಓದಿದ ಚಟ, ಇಲ್ಲೊಂದು ವಿವರ ಹೇಳದೆ ಮುಂದೆ ಹೋಗಲಾರೆ. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುತ್ತೆ. ಆಕಾಶದಿಂದ ಬರೋದು ಹೆಚ್ಚಾಗಿ ನೀಲಿ. ಅದು ಪ್ಲೇಟನ್ನು ಮುಟ್ಟದಿದ್ದರೆ ಪ್ರಿಂಟಿನಲ್ಲಿ ಆಕಾಶ ಕಪ್ಪಾಗುತ್ತೆ. ನೆರಳಿಗೆ ಬೀಳುವುದೂ ಆಕಾಶದ ನೀಲಿ ಬೆಳಕೇ, ಹಾಗಾಗಿ ನೆರಳೂ ಕಪ್ಪಿಡುತ್ತೆ. ಬಿಸಿಲು ಬಿದ್ದ ಕಲ್ಲು, ಹಿಮ ಮಾತ್ರ ಹೊಳೆಯುತ್ತೆ. ನಡುಹಗಲಿನ ಆಕಾಶ ಯಾರ ಕಣ್ಣಿಗೂ ಹಾಗೆ ಕಂಡಿರಲಿಲ್ಲ. ಚಿತ್ರ ಸುಳ್ಳಾ? ನನ್ನ ಪ್ರಕಾರ ಅಲ್ಲ. ಆದರೆ ಅದು ಆಯ್ಕೆ. ಏನನ್ನು ಒಳಗೆ ಬಿಡಬೇಕು, ಏನನ್ನು ತಡೆಯಬೇಕು ಅಂತ ಒಬ್ಬ ಮನುಷ್ಯ ಮಾಡಿದ ತೀರ್ಮಾನ. ‘ಮೊನೊಲಿತ್’ ಅಂತ ಹೆಸರಾದ ಆ ಚಿತ್ರದಿಂದಲೇ ಆಡಮ್ಸ್ ಆಡಮ್ಸ್ ಆದ.

ಅದಕ್ಕೂ ಮುಂಚಿನದು ಚಿಕ್ಕ ಕತೆ. 1902ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟು. ನಾಲ್ಕನೇ ವಯಸ್ಸಿನಲ್ಲಿ ಭೂಕಂಪದ ಮರುಕಂಪನಕ್ಕೆ ಬಿದ್ದು ಮೂಗು ಮುರಿಯಿತು, ಕೊನೆಯವರೆಗೂ ಸೊಟ್ಟಗೇ ಇತ್ತು. ಪಿಯಾನೊ ವಾದಕನಾಗಬೇಕೆಂದುಕೊಂಡಿದ್ದ ಹುಡುಗ 1916ರಲ್ಲಿ ಅಪ್ಪ ಅಮ್ಮನ ಜೊತೆ ಯೊಸೆಮಿಟಿಗೆ ಹೋದ, ಅವರು ಕೊಟ್ಟ ಪುಟ್ಟ ಬ್ರೌನಿ ಕ್ಯಾಮೆರಾದಲ್ಲಿ ಬೆಟ್ಟಗಳನ್ನು ಹಿಡಿಯತೊಡಗಿದ.

ಅವನ ಬೆಟ್ಟಗಳು ರಾಜಕೀಯಕ್ಕೆ ಬಂದದ್ದು 1936ರಲ್ಲಿ. ಸಿಯೆರಾ ಕ್ಲಬ್ ಪರವಾಗಿ ಚಿತ್ರಗಳ ಕಟ್ಟು ಹಿಡಿದು ವಾಷಿಂಗ್ಟನ್ನಿಗೆ ಹೋದ. ಕಿಂಗ್ಸ್ ಕ್ಯಾನಿಯನ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನ ಮಾಡಿ ಅಂತ ಸಂಸದರ ಬೆನ್ನು ಹತ್ತಿದ. ಆಗ ಕೆಲಸ ಆಗಲಿಲ್ಲ. 1938ರಲ್ಲಿ ಬಂದ ಅವನ ಸಿಯೆರಾ ನೆವಾಡಾ ಪುಸ್ತಕ ಸಚಿವ ಹೆರಾಲ್ಡ್ ಇಕಿಸ್ ಮೂಲಕ ಅಧ್ಯಕ್ಷ ರೂಸ್‌ವೆಲ್ಟ್ ಕೈ ಸೇರಿತು. 1940ರಲ್ಲಿ ಉದ್ಯಾನ ಘೋಷಣೆಯಾಯಿತು. ಫೋಟೊದಿಂದ ಏನಾಗುತ್ತೆ ಅನ್ನೋರಿಗೆ ಇದನ್ನು ಹೇಳಬಹುದು.

ಆದರೆ ನನ್ನನ್ನು ಕಾಡೋದು ಆ ಬೆಟ್ಟಗಳಲ್ಲಿ ಮನುಷ್ಯರೇ ಇಲ್ಲ ಅನ್ನೋದು. ಯೊಸೆಮಿಟಿ ಖಾಲಿ ಜಾಗ ಆಗಿರಲಿಲ್ಲ. 1851ರಲ್ಲಿ ಮ್ಯಾರಿಪೊಸಾ ಬೆಟಾಲಿಯನ್ ಹೆಸರಿನ ಸಶಸ್ತ್ರ ಪಡೆ ಅಲ್ಲಿನ ಅವಾನೀಚಿ ಜನರ ಹಳ್ಳಿಗಳನ್ನು ಸುಟ್ಟು ಅವರನ್ನು ಹೊರದಬ್ಬಿತ್ತು. ಮರಳಿ ಬಂದು ಅಲ್ಲೇ ನೆಲೆಸಿದ್ದವರು ಆಡಮ್ಸ್ ಕಾಲದಲ್ಲೂ ಇದ್ದರು. ಮನುಷ್ಯರ ಸುಳಿವಿಲ್ಲದ ಪರಿಶುದ್ಧ ಪ್ರಕೃತಿ ಅನ್ನೋ ಕಲ್ಪನೆಗೆ ಆಡಮ್ಸ್ ಚಿತ್ರಗಳಷ್ಟು ಬಲ ಕೊಟ್ಟದ್ದು ಕಡಿಮೆ. ನಾಗರಹೊಳೆಯ ಜೇನುಕುರುಬರ ಹೋರಾಟವನ್ನು ಗಮನಿಸುತ್ತಿರುವವರಿಗೆ ಆ ಕಲ್ಪನೆಯ ಬೆಲೆ ಯಾರು ತೆರುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಅವನನ್ನು ಜನರ ಕಡೆ ತಿರುಗಿಯೂ ನೋಡದವನು ಅಂತ ತಳ್ಳಿಹಾಕಿದರೆ ಅನ್ಯಾಯ. ಉದ್ಯಾನಕ್ಕೆ ಸಹಿ ಹಾಕಿದ ಅದೇ ರೂಸ್‌ವೆಲ್ಟ್ 1942ರಲ್ಲಿ ಇನ್ನೊಂದು ಆದೇಶಕ್ಕೆ ಸಹಿ ಹಾಕಿದ. ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಯಿಂದ ಎಬ್ಬಿಸಿ ಶಿಬಿರಗಳಿಗೆ ತುಂಬಿದರು. ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ನಾಗರಿಕರೇ. ಅಂಥದ್ದೊಂದು ಶಿಬಿರ ಮಂಜನಾರ್, ಆಡಮ್ಸ್‌ನ ಪ್ರೀತಿಯ ಸಿಯೆರಾ ಬೆಟ್ಟಗಳ ಪೂರ್ವ ತಪ್ಪಲಲ್ಲಿ. 1943ರಲ್ಲಿ, ಯುದ್ಧದ ನಡುವೆ, ಜಪಾನಿಯರ ಮೇಲಿನ ದ್ವೇಷ ದೇಶಭಕ್ತಿ ಅನ್ನಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಆಡಮ್ಸ್ ಅಲ್ಲಿಗೆ ಹೋದ. ರೈತರು, ನರ್ಸುಗಳು, ಶಾಲೆ ಮಕ್ಕಳು, ಒಬ್ಬೊಬ್ಬರ ಮುಖವನ್ನೂ ಬಂಡೆಯನ್ನು ತೆಗೆದಷ್ಟೇ ಶ್ರದ್ಧೆಯಿಂದ, ಹತ್ತಿರದಿಂದ ತೆಗೆದ. 1944ರಲ್ಲಿ ಪುಸ್ತಕವೂ ಬಂತು.

ಕಾವಲು ಗೋಪುರ, ಮುಳ್ಳುತಂತಿ ತೆಗೆಯುವ ಹಾಗಿರಲಿಲ್ಲ. ಆ ಮಿತಿಯೊಳಗೆ ಬಂದದ್ದು ನಗುಮುಖಗಳು. ಶಿಬಿರ ಅಷ್ಟೇನೂ ಕೆಟ್ಟದಿರಲಿಲ್ಲ ಅನ್ನೋರಿಗೆ ಅವು ಅನುಕೂಲವಾದವು ಅನ್ನೋ ಟೀಕೆ ಇದೆ. ಟೀಕೆಯಲ್ಲಿ ಹುರುಳಿದೆ ಅಂತಲೇ ನನಗನ್ನಿಸುತ್ತೆ. ಡೊರೊಥಿಯಾ ಲ್ಯಾಂಗ್ ತೆಗೆದ ಕಟು ಚಿತ್ರಗಳನ್ನು ಸೇನೆ ಮುಚ್ಚಿಟ್ಟುಕೊಂಡಿತ್ತು. ಅದೇ ಶಿಬಿರದ ಬಂದಿ ಟೊಯೊ ಮಿಯಾಟಕೆ ಕದ್ದು ತಂದ ಲೆನ್ಸಿಗೆ ಮರದ ಪೆಟ್ಟಿಗೆ ಕಟ್ಟಿ ಕ್ಯಾಮೆರಾ ಮಾಡಿಕೊಂಡಿದ್ದ.

1984ರಲ್ಲಿ ತೀರಿಕೊಳ್ಳುವುದಕ್ಕೆ ಎಷ್ಟೋ ಮೊದಲೇ, 1960ರ ದಶಕದಲ್ಲಿ, ಆಡಮ್ಸ್ ಮಂಜನಾರ್ ಚಿತ್ರಗಳನ್ನೆಲ್ಲ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟುಬಿಟ್ಟ. ಇವತ್ತು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 1944ರಲ್ಲಿ ಮಂಜನಾರ್‌ನಿಂದ ತೆಗೆದ ಇನ್ನೊಂದು ಚಿತ್ರ ಇವೆಲ್ಲಕ್ಕಿಂತ ಹೆಸರಾಗಿದೆ, ಮೌಂಟ್ ವಿಲಿಯಮ್ಸನ್. ಮುಂದೆ ಆನೆಗಾತ್ರದ ಕಲ್ಲುಗಳ ಬಯಲು, ಹಿಂದೆ ಮೋಡ ಸೀಳಿ ಬೆಟ್ಟದ ಮೇಲೆ ಇಳಿಯುತ್ತಿರುವ ಬೆಳಕು. ಹತ್ತು ಸಾವಿರ ಜನ ಕೂಡಿಹಾಕಲ್ಪಟ್ಟಿದ್ದ ಶಿಬಿರ ಅಲ್ಲೇ ಹತ್ತಿರದಲ್ಲಿತ್ತು, ಚೌಕಟ್ಟಿನ ಆಚೆ.