ಶಸ್ತ್ರವೈದ್ಯ ಹಾರ್ವೆ ಕುಶಿಂಗ್

ತಲೆಬುರುಡೆಯ ತಳದಲ್ಲಿ, ಕಿವಿಯ ಒಳಮಗ್ಗುಲಿಗೆ, ಶ್ರವಣನರದ ಮೇಲೆ ಬೆಳೆಯುವ ಗಡ್ಡೆಯೊಂದುಂಟು. ಅದು ವಿರಳವಾದುದು, ಕ್ಯಾನ್ಸರ್ ಅಲ್ಲ. ಆದರೆ ಪಕ್ಕದಲ್ಲಿಯೇ ಮಿದುಳಿನ ಕಾಂಡವಿರುವುದರಿಂದ, ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅದನ್ನು ಕೀಳಹೋದರೆ ಬಹುಮಂದಿ ರೋಗಿಗಳು ಬದುಕುತ್ತಿರಲಿಲ್ಲ. ಈ ಭಯವನ್ನು ತಗ್ಗಿಸಿದವನು ಅಮೇರಿಕೆಯ ಹಾರ್ವೆ ಕುಶಿಂಗ್.

ಅವನು 1869ರ ಏಪ್ರಿಲ್ 8ರಂದು ಕ್ಲೀವ್‌ಲೆಂಡಿನಲ್ಲಿ ಜನಿಸಿದನು. ತಂದೆ, ಅಜ್ಜ, ಮುತ್ತಜ್ಜ ಮೂವರೂ ವೈದ್ಯರು. (ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ, ಇಂಥ ವಂಶಾವಳಿ ಓದಿದಾಗ ತುಸು ಅಸೂಯೆಯಾಗದಿರದು.) 1895ರಲ್ಲಿ ಹಾರ್ವರ್ಡಿನ ವೈದ್ಯಪದವಿ ಪಡೆದು, ಬಾಲ್ಟಿಮೋರಿನಲ್ಲಿ ಹಾಲ್‌ಸ್ಟೆಡ್ ಎಂಬ ಗುರುವಿನ ಕೈಯಲ್ಲಿ ಪಳಗಿ, 1912ರಲ್ಲಿ ಬಾಸ್ಟನ್ನಿಗೆ ಬಂದನು.

ಶ್ರವಣನರದ ಗಡ್ಡೆಗಳನ್ನು ಕುರಿತು ಅವನು 1917ರಲ್ಲಿ ಗ್ರಂಥ ಬರೆದನು. ಅದರ ಹಿರಿಮೆ, ನನಗನಿಸುವಂತೆ, ಕತ್ತಿಯ ಚಳಕಕ್ಕಿಂತ ರೋಗಿಯ ಮಾತನ್ನು ಆಲಿಸಿದ್ದರಲ್ಲಿದೆ. ಮೊದಲು ಒಂದೇ ಕಿವಿ ಮಂದ, ಅದರಲ್ಲಿ ಗುಂಯ್‌ಗುಡುವ ನಾದ. ಬರುಬರುತ್ತ ನಡಿಗೆಯಲ್ಲಿ ಓಲಾಟ, ತಲೆಶೂಲೆ, ಮುಖದ ಜೋಮು. ಕೊನೆಗೆ ಕಣ್ಣು ಮಂಜು. ಲಕ್ಷಣಗಳು ಬರುವ ಈ ಕ್ರಮವೇ ರೋಗದ ಗುರುತೆಂದು ಅವನು ತೋರಿಸಿದನು.

ಭೀಮಾತೀರದ ನಮ್ಮ ದೇವಣಗಾಂವದಲ್ಲಿ ನೆರೆಮನೆಯ ಹೆಣ್ಣುಮಗಳೊಬ್ಬಳಿಗೆ ಇದೇ ಕ್ರಮದಲ್ಲಿ ಎಲ್ಲವೂ ಆಯಿತು. ಕಿವಿಗೆ ಎಣ್ಣೆ ಬಿಟ್ಟರು, ವಯಸ್ಸಾಯಿತೆಂದರು. ಬೆಂಗಳೂರಿನ ನಿಮ್ಹಾನ್ಸ್ ಮುಟ್ಟುವಷ್ಟರಲ್ಲಿ ದೃಷ್ಟಿ ಮಸುಕಾಗಿತ್ತು. ಅಲ್ಲಿ ಶಸ್ತ್ರಕ್ರಿಯೆಯಾಗಿ ಜೀವ ಉಳಿಯಿತು. ಎಮ್.ಆರ್.ಐ. ಯಂತ್ರವು ಇಂದು ತೀರ ಚಿಕ್ಕ ಗಡ್ಡೆಯನ್ನೂ ತೋರಿಸಬಲ್ಲದು ನಿಜ. ಆದರೆ ಒಂದು ಕಿವಿ ಮಂದವಾದಾಗಲೇ ಯಾರಿಗಾದರೂ ಸಂಶಯ ಬರಬೇಕಷ್ಟೆ!

ಕುಶಿಂಗನು ಗಡ್ಡೆಯ ಸಿಪ್ಪೆಯನ್ನು ಬಿಟ್ಟು ಒಳಗಿನ ತಿರುಳನ್ನಷ್ಟೇ ಕೆರೆದು ತೆಗೆಯುತ್ತಿದ್ದನು. ನೆತ್ತರು ನಿಲ್ಲಿಸಲು 1911ರಲ್ಲಿ ಬೆಳ್ಳಿಯ ಪುಟ್ಟ ಕ್ಲಿಪ್ಪುಗಳನ್ನು ಬಳಕೆಗೆ ತಂದನು; 1926ರಲ್ಲಿ ಬೋವಿಯ ವಿದ್ಯುದ್ಯಂತ್ರವನ್ನು ಕೈಗೆತ್ತಿಕೊಂಡನು. ಸಾವು ಮೊದಲು ಐವರಲ್ಲಿ ಒಬ್ಬರಿಗೆ ಇಳಿದು, ಮುಂದೆ ಇನ್ನೂ ಕಡಿಮೆಯಾಯಿತು. ಅವನ ಕೈಕೆಳಗೆ ಕಲಿತ ವಾಲ್ಟರ್ ಡ್ಯಾಂಡಿ 1922ರಲ್ಲಿ ಸಿಪ್ಪೆಸಹಿತ ಗಡ್ಡೆ ತೆಗೆದುದನ್ನು ಪ್ರಕಟಿಸಿದಾಗ ಗುರು ಕೆರಳಿದನು. ಉಳಿದ ಸಿಪ್ಪೆಯಿಂದ ಗಡ್ಡೆ ಮತ್ತೆ ಬೆಳೆಯುತ್ತಿತ್ತಾದ್ದರಿಂದ ಡ್ಯಾಂಡಿಯ ದಾರಿಯೇ ಸರಿಯಾದುದು. ಆದರೂ ಕುಶಿಂಗನು ರೋಗಿಗಳನ್ನು ಬದುಕಿಸಿ ತೋರಿಸದಿದ್ದರೆ ಆ ದಾರಿ ಹಿಡಿಯುವ ಧೈರ್ಯ ಯಾರಿಗಿರುತ್ತಿತ್ತು?

1931ರಲ್ಲಿ ಅವನ ಮಿದುಳುಗಡ್ಡೆಯ ಶಸ್ತ್ರಕ್ರಿಯೆಗಳ ಸಂಖ್ಯೆ 2000 ಮುಟ್ಟಿತು. 1939ರ ಅಕ್ಟೋಬರ್ 7ರಂದು ಹೃದಯದ ಬೇನೆಯಿಂದ ತೀರಿಕೊಂಡನು. ಶವಪರೀಕ್ಷೆಯಲ್ಲಿ ಅವನ ಮಿದುಳಿನೊಳಗೇ ಚಿಕ್ಕದೊಂದು ಗಡ್ಡೆ ಸಿಕ್ಕಿತು.