ಸಂಗೀತದ ಗುರುಮಾತೆ ಮಾರ್ಗರೆಟ್ ಕಸಿನ್ಸ್

ನಮ್ಮ ಕಲಬುರಗಿಯ ಶಾಲೆಗಳ ಅಂಗಳದಲ್ಲಿ ಮಕ್ಕಳು ಸಾಲುಗಟ್ಟಿ ನಿಂತು ನಾಡಗೀತೆಯನ್ನೂ ರಾಷ್ಟ್ರಗೀತೆಯನ್ನೂ ಹಾಡುವುದನ್ನು ನಾವೆಲ್ಲರೂ ಕೇಳುತ್ತ ಬಂದಿದ್ದೇವೆ. 1948ರ ಸೆಪ್ಟೆಂಬರ್ 17ರವರೆಗೂ ನಿಜಾಮರ ಆಳ್ವಿಕೆಯಲ್ಲಿದ್ದ ಈ ನೆಲಕ್ಕೆ ಸ್ವಾತಂತ್ರ್ಯದ ಹಾಡು ತಡವಾಗಿ ದೊರೆಯಿತು. ಆದುದರಿಂದಲೇ ಅದರ ಬೆಲೆಯನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಈ ಎರಡು ಗೀತೆಗಳ ಹಿಂದೆಯೂ ಕಡಲಾಚೆಯಿಂದ ಬಂದ ಒಂದೇ ಮನೆತನದ ನೆರಳಿದೆ ಎಂಬುದನ್ನು ಬಲ್ಲವರು ಕೆಲವರೇ. ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಆ ಮನೆಯೊಡತಿ ಮಾರ್ಗರೆಟ್ ಕಸಿನ್ಸ್ ಅವರನ್ನು ಕೃತಜ್ಞತೆಯಿಂದ ಸ್ಮರಿಸಲು ಬಯಸುತ್ತೇವೆ.

ಮಾರ್ಗರೆಟ್ ಗಿಲೆಸ್ಪಿ 1878ರ ನವೆಂಬರ್ 7ರಂದು ಐರ್ಲೆಂಡಿನ ಬಾಯ್ಲ್ ಎಂಬ ಪಟ್ಟಣದಲ್ಲಿ ಜನಿಸಿದರು. ಅವರದು ಪ್ರಾಟೆಸ್ಟಂಟ್ ಪಂಥದ ದೊಡ್ಡ ಕುಟುಂಬ. ಅನೇಕ ಮಕ್ಕಳಲ್ಲಿ ಅವರೇ ಹಿರಿಯರು. ಎಳವೆಯಿಂದಲೇ ಪಿಯಾನೊ ವಾದ್ಯದಲ್ಲಿ ಒಲವಿದ್ದ ಅವರು ಡಬ್ಲಿನ್ ನಗರಕ್ಕೆ ಬಂದು ಸಂಗೀತ ವ್ಯಾಸಂಗ ಮಾಡಿ, 1902ರಲ್ಲಿ ಸಂಗೀತದ ಪದವಿಯನ್ನು ಪಡೆದರು. ಮರುವರ್ಷ ಕವಿ ಜೇಮ್ಸ್ ಕಸಿನ್ಸ್ ಅವರನ್ನು ವರಿಸಿ, ಸಂಗೀತ ಪಾಠ ಹೇಳುತ್ತ ಸಂಸಾರಕ್ಕೆ ಆಸರೆಯಾದರು. ಆದರೆ ಸ್ತ್ರೀಯರಿಗೆ ಮತದಾನದ ಹಕ್ಕಿಲ್ಲದ ಅನ್ಯಾಯವನ್ನು ಕಂಡು ಅವರು ಸುಮ್ಮನೆ ಕೂರಲಿಲ್ಲ. ಆ ಹೋರಾಟದಲ್ಲಿ 1910ರಲ್ಲಿ ಲಂಡನ್ನಿನಲ್ಲಿಯೂ 1913ರಲ್ಲಿ ಐರ್ಲೆಂಡಿನಲ್ಲಿಯೂ ಸೆರೆಮನೆ ಸೇರಿದರು. ಪಿಯಾನೊ ನುಡಿಸುವ ಮೃದು ಬೆರಳುಗಳಿಗೆ ಕಠಿಣ ನಿರ್ಧಾರವೂ ಒಗ್ಗಿತ್ತು.

1915ರಲ್ಲಿ ಈ ದಂಪತಿಗಳು ಭಾರತಕ್ಕೆ ಬಂದರು. ಜೇಮ್ಸ್ ಅವರಿಗೆ ಮದರಾಸಿನಲ್ಲಿ ಆನಿ ಬೆಸೆಂಟ್ ಅವರ ಪತ್ರಿಕೆಯಲ್ಲಿ ಕೆಲಸ ದೊರೆತಿತ್ತು. 1916ರಲ್ಲಿ ಐರ್ಲೆಂಡಿನ ಬಂಡಾಯವನ್ನು ಮೆಚ್ಚಿ ಬರೆದುದರಿಂದ ಆ ಕೆಲಸ ತಪ್ಪಿತು. ಬಳಿಕ ಅವರು ನಮ್ಮ ಕೋಲಾರ ಸೀಮೆಗೆ ಸಮೀಪವಿರುವ, ಆಂಧ್ರದ ಮದನಪಲ್ಲಿಯ ಥಿಯಾಸಫಿಕಲ್ ಕಾಲೇಜಿನಲ್ಲಿ ನೆಲೆನಿಂತರು. 1919ರ ಫೆಬ್ರವರಿಯಲ್ಲಿ ವಿಶ್ರಾಂತಿಗಾಗಿ ಅಲ್ಲಿಗೆ ಬಂದ ರವೀಂದ್ರನಾಥ ಠಾಕೂರರು, 1911ರಲ್ಲೇ ತಾವು ರಚಿಸಿದ್ದ ಜನಗಣಮನವನ್ನು ವಿದ್ಯಾರ್ಥಿಗಳ ಮುಂದೆ ಹಾಡಿ ತೋರಿಸಿದರು. ಮಾರ್ಗರೆಟ್ ಆ ರಾಗವನ್ನು ಕಿವಿಗೊಟ್ಟು ಆಲಿಸಿ, ಸ್ವರಲಿಪಿಯಲ್ಲಿ ಬರೆದಿಳಿಸಿ, ಕವಿಯ ಒಪ್ಪಿಗೆಯನ್ನೂ ಪಡೆದರು. ಆ ಗೀತೆ ಕಾಲೇಜಿನ ಪ್ರಾರ್ಥನಾಗೀತೆಯಾಯಿತು.

ಇಲ್ಲಿ ನಾವು ತುಸು ನಿಂತು ಯೋಚಿಸಬೇಕಾಗಿದೆ. ಪಾಶ್ಚಾತ್ಯ ಸಂಗೀತದಲ್ಲಿ ಪದವಿ ಪಡೆದ ಒಬ್ಬ ಶಿಕ್ಷಕಿ, ಆಳುವವರ ಭಾಷೆಯನ್ನಾಡುವವರು, ತಮ್ಮ ದೇಶದ ರಾಗಗಳೇ ಶ್ರೇಷ್ಠವೆಂದು ಇಲ್ಲಿನ ಮಕ್ಕಳ ಮೇಲೆ ಹೇರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಕಲಿಸಲು ಬಂದವರು ಮೊದಲು ಕೇಳಿಸಿಕೊಂಡರು. ತಮ್ಮ ವಿದ್ಯೆಯನ್ನು ಈ ನೆಲದ ಹಾಡನ್ನು ಕಾಪಿಡುವುದಕ್ಕೆ ಬಳಸಿದರು. ಅವರ ಪತಿಯದೂ ಇದೇ ದಾರಿ. 1924ರಲ್ಲಿ ಮೈಸೂರಿಗೆ ಬಂದಿದ್ದ ಜೇಮ್ಸ್ ಅವರಿಗೆ ವಿದ್ಯಾರ್ಥಿಯೊಬ್ಬನು ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಿದಾಗ, ಮಾತೃಭಾಷೆಯಲ್ಲಿ ಬರೆಯುವಂತೆ ಅವರು ಹಿತವಚನ ಹೇಳಿದರು. ಆ ವಿದ್ಯಾರ್ಥಿಯೇ ಮುಂದೆ ಕುವೆಂಪು ಆದರು; ಅವರ ಜಯಭಾರತ ಜನನಿಯ ತನುಜಾತೆ 2004ರಲ್ಲಿ ಕರ್ನಾಟಕದ ನಾಡಗೀತೆಯಾಯಿತು.

ಕನ್ನಡ ನಾಡಿನೊಡನೆ ಮಾರ್ಗರೆಟ್ ಅವರ ನಂಟು ಇಷ್ಟಕ್ಕೇ ಮುಗಿಯಲಿಲ್ಲ. 1919-20ರಲ್ಲಿ ಅವರು ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯಸ್ಥೆಯಾಗಿದ್ದರು. ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದರಾಸು ಶಾಸನ ಸಭೆಯ ಚುನಾವಣೆಗೆ ನಿಲ್ಲಲು ಧೈರ್ಯ ತುಂಬಿದವರೂ ಇವರೇ. 1917ರಲ್ಲಿ ಭಾರತೀಯ ಮಹಿಳಾ ಸಂಘವನ್ನೂ 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನವನ್ನೂ ಕಟ್ಟುವಲ್ಲಿ ಅವರು ಮುಂದಾಳಾಗಿದ್ದರು. 1932ರ ಡಿಸೆಂಬರಿನಲ್ಲಿ, ವಾಕ್‌ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಕಾನೂನನ್ನು ವಿರೋಧಿಸಿ ಮಾತನಾಡಿದ್ದಕ್ಕಾಗಿ ಅವರಿಗೆ ಒಂದು ವರ್ಷದ ಶಿಕ್ಷೆಯಾಯಿತು. ಐವತ್ನಾಲ್ಕರ ವಯಸ್ಸಿನಲ್ಲಿ ಅವರು ವೆಲ್ಲೂರಿನ ಸೆರೆಮನೆಯನ್ನು ಸೇರಿದರು.

ಕೊನೆಯ ಸುಮಾರು ಹತ್ತು ವರ್ಷಗಳು ಬಲು ಕಷ್ಟದವು. ಪಾರ್ಶ್ವವಾಯು ಬಡಿದು, ಸ್ವರಗಳನ್ನು ಬರೆದ ಕೈ ಸೋತಿತು. ಕೂಡಿಟ್ಟ ಧನವಿರಲಿಲ್ಲ, ಅವರ ಸೇವೆಯನ್ನು ನೆನೆದು ಸರ್ಕಾರವೇ ನೆರವಿತ್ತಿತು. 1950ರ ಜನವರಿ 24ರಂದು ಜನಗಣಮನ ನಮ್ಮ ರಾಷ್ಟ್ರಗೀತೆ ಎಂದು ಘೋಷಿತವಾದಾಗ ಅವರಿನ್ನೂ ಜೀವಿಸಿದ್ದರು. 1954ರ ಮಾರ್ಚ್ 11ರಂದು ಮದರಾಸಿನ ಅಡ್ಯಾರಿನಲ್ಲಿ ಅವರು ಕಣ್ಮುಚ್ಚಿದರು.

ಮಾರ್ಗರೆಟ್ ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಥಿಯಾಸಫಿಯ ಮಾರ್ಗವನ್ನು ಆರಿಸಿಕೊಂಡವರು. ಆದರೂ ಅವರ ಬಾಳಿನಲ್ಲಿ ನಮಗೊಂದು ಪಾಠವಿದೆ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯನ್ನು ಕುರಿತ ತನ್ನ ಶಾಸನದಲ್ಲಿ, ಆಯಾ ಜನರ ಸಂಗೀತ ಪರಂಪರೆಗೆ ಪೂಜೆಯಲ್ಲಿ ತಕ್ಕ ಸ್ಥಾನವನ್ನು ನೀಡಬೇಕೆಂದು ಬೋಧಿಸಿತು. ಲತೀನಿನ ಬಲಿಪೂಜೆ ಕನ್ನಡದ್ದಾಯಿತು. ಹಾರ್ಮೋನಿಯಂ, ತಬಲಾಗಳು ಬಲಿಪೀಠದ ಬಳಿಗೆ ಬಂದವು. ಆ ಬೋಧನೆಗೆ ನಾಲ್ಕು ದಶಕ ಮೊದಲೇ ಒಬ್ಬ ಪರದೇಶದ ಶಿಕ್ಷಕಿ, ಶಾಲೆಯೊಂದರಲ್ಲಿ, ಅಂಥದೇ ಗೌರವವನ್ನು ತೋರಿದ್ದರು. ದೂರದ ನಾಡುಗಳಿಂದ ಬಂದು ಕನ್ನಡ ಕಲಿತು ನಮ್ಮೊಡನೆ ಬಾಳಿದ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ನೆನೆಯುವಾಗ ಈ ತಾಯಿಯೂ ನಮ್ಮ ನೆನಪಿಗೆ ಬರಲಿ.

ಅವರಿಗೆ ಸ್ವಂತ ಮಕ್ಕಳಿರಲಿಲ್ಲ, ಮೊಮ್ಮಕ್ಕಳೂ ಇರಲಿಲ್ಲ. ಆದರೆ ಅಜ್ಜಿ ಬಿಟ್ಟುಹೋದ ಆಸ್ತಿಯನ್ನು ಅನುಭವಿಸುವವರೆಲ್ಲರೂ ಮೊಮ್ಮಕ್ಕಳೇ ಅಲ್ಲವೇ? ನಾಳೆ ಬೆಳಗ್ಗೆ ನಮ್ಮೂರಿನ ಮಕ್ಕಳು ರಾಷ್ಟ್ರಗೀತೆಗೆ ದನಿಯೆತ್ತಿದಾಗ, ಮದನಪಲ್ಲಿಯಲ್ಲಿ ಕಿವಿಗೊಟ್ಟು ಕುಳಿತಿದ್ದ ಆ ಪಿಯಾನೊ ಗುರುಮಾತೆಯನ್ನು ಒಂದು ಗಳಿಗೆಯಾದರೂ ನೆನೆಯೋಣ. ದಯಾಮಯನಾದ ದೇವರು ಅವರ ಆತ್ಮಕ್ಕೆ ನಿತ್ಯಶಾಂತಿಯನ್ನು ದಯಪಾಲಿಸಲಿ.